ಮೊದಲ ವಾರದ ಜಾಮೀನು



ಗಲ್ಫ್ ಕನ್ನಡಿಗರ ಇತಿಹಾಸದ ಬಗ್ಗೆ ಮಾತಾಡಿ ಎಂದು ಸಂಘಟಕರು ಹೇಳಿದ್ದರು. ಅಷ್ಟು ದೊಡ್ಡ ವಿಷಯಕ್ಕೆ ನನ್ನಲ್ಲಿ ಬಲವಿಲ್ಲ. ಹಾಗಾಗಿ ಅದನ್ನು ಚಿಕ್ಕದು ಮಾಡಿಕೊಂಡಿದ್ದೇನೆ. ಪರದೇಶಕ್ಕೆ ಬಂದಿಳಿದವನ ಮೊದಲ ಒಂದು ವಾರ, ಅಷ್ಟೇ. ಆ ಏಳು ದಿನಗಳಲ್ಲಿ ಅವನು ಎಲ್ಲಿ ಮಲಗಿದ, ಏನು ತಿಂದ, ಜೇಬಿನಲ್ಲಿದ್ದ ಹಣ ಅಂಗಡಿಯಲ್ಲಿ ನಡೆಯಿತೋ ಇಲ್ಲವೋ, ಮನೆಗೆ ಸುದ್ದಿ ಹೇಗೆ ತಲುಪಿತು, ಅವನ ಕಾಗದಪತ್ರ ಯಾರ ಕೈಯಲ್ಲಿತ್ತು. ಈ ಐದು ಪ್ರಶ್ನೆಗಳಿಗೂ ಒಂದು ಚರಿತ್ರೆ ಇದೆ. ಆ ಚರಿತ್ರೆಯಿಂದ ನಮ್ಮಂಥ ಸಂಘಗಳು ಇಂದು ಏನು ಮಾಡಬೇಕು ಎಂಬುದೂ ತಿಳಿಯುತ್ತದೆ ಎಂದು ನನ್ನ ನಂಬಿಕೆ.

ನನ್ನ ಮೊದಲ ವಾರದಿಂದಲೇ ಶುರುಮಾಡುತ್ತೇನೆ. 1993ರ ಅಕ್ಟೋಬರಿನಲ್ಲಿ ನಾನು ಮುಂಬೈಯಿಂದ ದುಬೈಗೆ ಬಂದೆ. ಕೈಯಲ್ಲಿ ಇದ್ದದ್ದು ವೀಸಾದ ಫ್ಯಾಕ್ಸ್ ಪ್ರತಿ ಮಾತ್ರ. ಅಸಲು ವೀಸಾವನ್ನು ಕಂಪನಿಯವರು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಇಟ್ಟಿರುತ್ತಿದ್ದ ಕಾಲ ಅದು. ಇಳಿದವರೆಲ್ಲ ಆ ಕೌಂಟರಿನ ಮುಂದೆ ಕಾಯಬೇಕು. ತನ್ನ ಹೆಸರು ಬರುವವರೆಗೂ ಯಾರಿಗೂ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಹೊರಗೆ ಬಂದಾಗ ಕಂಪನಿಯ ಮನುಷ್ಯ ನಿಂತಿದ್ದ. ಕೈ ಕುಲುಕಿ, ನಗುತ್ತಲೇ ಪಾಸ್‌ಪೋರ್ಟ್ ಕೇಳಿದ. ವೀಸಾ ಸ್ಟಾಂಪ್ ಮಾಡಿಸಬೇಕು, ಮೆಡಿಕಲ್ ಮಾಡಿಸಬೇಕು ಎಂದ. ಕೊಟ್ಟೆ. ಅದು ಮತ್ತೆ ನನ್ನ ಕೈಗೆ ಬಂದದ್ದು ಎರಡು ವರ್ಷದ ಮೇಲೆ. ಆ ಕಥೆಗೆ ಆಮೇಲೆ ಬರುತ್ತೇನೆ.

ದೇರಾದ ನೈಫ್ ಕಡೆ ಒಂದು ಕೋಣೆಯಲ್ಲಿ ನನಗೆ ಬೆಡ್ ಸ್ಪೇಸ್ ಸಿಕ್ಕಿತು. ಮೇಲೊಂದು ಕೆಳಗೊಂದು ಕಬ್ಬಿಣದ ಮಂಚ, ಒಂದೇ ಕೋಣೆಯಲ್ಲಿ ಎಂಟು ಜನ. ಆ ಕೋಣೆಯ ಹಿರಿಯರನ್ನು ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದರು. ಕುಂದಾಪುರದ ಕಡೆಯವರು, ಒಂದು ಹೋಟೆಲಿನಲ್ಲಿ ಅಡುಗೆಯವರು. ನಾನು ಪೆಟ್ಟಿಗೆ ಇಳಿಸುವುದಕ್ಕೂ ಮೊದಲೇ ಅವರು ಕೇಳಿದ ಪ್ರಶ್ನೆ, ಊಟ ಆಯ್ತಾ ಎಂದಲ್ಲ.

“ಪಾಸ್‌ಪೋರ್ಟ್ ಕೊಟ್ಯಾ?”

“ಕೊಟ್ಟೆ ಅಣ್ಣ. ಸ್ಟಾಂಪಿಗೆ ಬೇಕಂತೆ.”

“ಜೆರಾಕ್ಸ್ ಇಟ್ಕಂಡಿದ್ಯಾ?”

“ಇಲ್ಲ ಅಣ್ಣ.”

“ನಂಬರಾದ್ರೂ ನೆನಪುಂಟಾ ಮಾರಾಯ?”

ಅದೂ ನೆನಪಿರಲಿಲ್ಲ. ಅವರು ಬೈಯಲಿಲ್ಲ. ಖುಬೂಸ್ ಮತ್ತು ದಾಲ್ ಮುಂದಿಟ್ಟರು. ಮೊದಲ ತಿಂಗಳು ಮೆಸ್ಸಿನ ಲೆಕ್ಕದಲ್ಲಿ ನನ್ನ ಹೆಸರು ಬರೆಯಲಿಲ್ಲ. ಸಂಬಳ ಬರುವ ತನಕ ಹೊಸಬನಿಂದ ಊಟದ ದುಡ್ಡು ತೆಗೆದುಕೊಳ್ಳಬಾರದು ಎಂಬುದು ಆ ಕೋಣೆಯ ನಿಯಮ. ಆ ನಿಯಮ ಅವರಿಗೆ ಎಲ್ಲಿಂದ ಬಂತು ಎಂದು ನಾನು ಆಗ ಯೋಚಿಸಿರಲಿಲ್ಲ. ಅನಂತರ ಓದುತ್ತಾ ಹೋದಂತೆ, ಈ ಸಮುದ್ರದ ದಡಗಳಲ್ಲಿ ಅದು ಬಹಳ ಹಳೆಯ ನಿಯಮ ಎಂದು ತಿಳಿಯಿತು.

ಒಂಬತ್ತು ಶತಮಾನ ಹಿಂದೆ ಹೋಗೋಣ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ, ಉತ್ತರ ಆಫ್ರಿಕಾದ ಟ್ಯುನೀಸಿಯಾದವನು, 1132ರಿಂದ 1149ರವರೆಗೆ ನಮ್ಮ ಕರಾವಳಿಯಲ್ಲಿ, ಹೆಚ್ಚಾಗಿ ಮಂಗಳೂರಿನಲ್ಲಿ ವಾಸವಾಗಿದ್ದ. ಅವನಿಗೆ ಬಂದ ಕಾಗದಗಳು ಕೈರೋದ ಹಳೆಯ ಭಾಗವಾದ ಫುಸ್ತಾತಿನ ಒಂದು ಸಿನಗಾಗಿನ ಉಗ್ರಾಣದಲ್ಲಿ ಉಳಿದುಕೊಂಡವು. ಅಮಿತಾವ್ ಘೋಷ್ ಅವರು ಆ ಕಾಗದಗಳನ್ನು ಆಧರಿಸಿ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಬೆನ್ ಯಿಜುವಿನ ಬಳಿ ನಮ್ಮ ತುಳುನಾಡಿನ ಒಬ್ಬ ಆಳಿದ್ದ. ಅವನ ಹೆಸರನ್ನು ಘೋಷ್ ಬೊಮ್ಮ ಎಂದು ಓದಿದ್ದಾರೆ. ಅವನು ಒಡೆಯನ ಮಾಲಿನೊಂದಿಗೆ ಹಡಗು ಹತ್ತಿ ಏಡನ್ ಬಂದರಿಗೆ ಹೋಗಿ, ಲೆಕ್ಕ ತೀರಿಸಿ, ಮನೆಗೆ ಬೇಕಾದ ಸಾಮಾನು ತರುತ್ತಿದ್ದ. ಕೆಲಸದ ಮೇಲೆ ಅರಬ್ಬೀ ಬಂದರಿಗೆ ಹೋದ ನಮ್ಮ ಕಡೆಯವರಲ್ಲಿ, ಹೆಸರು ಹಿಡಿದು ಹೇಳಬಹುದಾದ ಬಹಳ ಹಳೆಯ ಮನುಷ್ಯ ಅವನು.

ಏಡನ್ನಿನಲ್ಲಿ ಬೊಮ್ಮ ಇಳಿದಾಗ ಯಾರ ಬಳಿಗೆ ಹೋಗಬೇಕಿತ್ತು? ಮದ್ಮೂನ್ ಎಂಬ ದೊಡ್ಡ ವ್ಯಾಪಾರಿಯ ಬಳಿಗೆ. ಮದ್ಮೂನನಿಗೆ ಅಲ್ಲಿ ‘ವಕೀಲ್ ಅಲ್ ತುಜ್ಜಾರ್’ ಎಂಬ ಸ್ಥಾನವಿತ್ತು. ಪರಊರಿನ ವ್ಯಾಪಾರಿಗಳ ಪ್ರತಿನಿಧಿ ಎಂದು ಅರ್ಥ. ಹೊರಗಿನಿಂದ ಬಂದವರ ಸರಕನ್ನು ಇಡಿಸುವುದು, ಲೆಕ್ಕಪತ್ರ ನೋಡುವುದು, ತಕರಾರು ಬಂದರೆ ಅವರ ಪರ ನಿಲ್ಲುವುದು ಅಂಥವರ ಕೆಲಸ. ಆ ‘ವಕೀಲ್’ ಶಬ್ದವೇ ಮುಂದೆ ನಮ್ಮ ಕೋರ್ಟಿನ ವಕೀಲರಾಯಿತು. ಅರಬ್ಬಿಯಲ್ಲಿ ಹೊಣೆಗಾರ ಎಂಬ ಅರ್ಥದ ‘ಜಾಮಿನ್’ ನಮ್ಮ ಜಾಮೀನು ಆಯಿತು. ನಾವು ಗಲ್ಫಿಗೆ ಬರುವ ಮೊದಲೇ ಈ ಶಬ್ದಗಳು ನಮ್ಮ ಊರಿಗೆ ಬಂದಿದ್ದವು.

ಮದ್ಮೂನ್ ಬೊಮ್ಮನಿಗೆ ಸಂಬಳದ ಹಣವನ್ನೂ ಕೊಡುತ್ತಿದ್ದ. ಒಂದು ಕಾಗದದಲ್ಲಿ ಬೊಮ್ಮನ ಮೇಲೆ ದೂರಿದೆ. ಕುಡಿದು ಬರುತ್ತಾನೆ, ಇನ್ನೂ ಹಣ ಕೊಡು ಎಂದು ಪೀಡಿಸುತ್ತಾನೆ, ಹೇಳಿದ ಮಾತು ಕೇಳುವುದಿಲ್ಲ ಎಂದು. ಓದಿದಾಗ ನನಗೆ ನಗು ಬಂತು, ಆಮೇಲೆ ಬೇಸರವಾಯಿತು. ಮದ್ಮೂನನ ಕಾಗದ ಉಳಿದಿದೆ, ಬೆನ್ ಯಿಜುವಿನ ಲೆಕ್ಕ ಉಳಿದಿದೆ. ಬೊಮ್ಮ ಬರೆದದ್ದು, ಬರೆಸಿದ್ದು ಒಂದೂ ಇಲ್ಲ. ಅವನಿಗೆ ಎಷ್ಟು ಬಾಕಿ ಬರಬೇಕಿತ್ತು, ಏಕೆ ಜಗಳವಾಡಿದ ಎಂದು ಅವನ ಬಾಯಿಂದ ನಾವು ಕೇಳಲಾರೆವು. ಆಸರೆ ಕೊಟ್ಟವನ ಕೈಯಲ್ಲೇ ದಾಖಲೆಯೂ ಇತ್ತು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇನ್ನು ಇಬ್ನ್ ಬತೂತ. 1331ರಲ್ಲಿ ಆ ಪ್ರವಾಸಿ ಆಫ್ರಿಕಾದ ಮೊಗದಿಶು ಬಂದರಿಗೆ ಹೋದಾಗ ಕಂಡದ್ದನ್ನು ಬರೆದಿದ್ದಾನೆ. ಹಡಗು ಲಂಗರು ಹಾಕಿದ ಕೂಡಲೇ ಊರಿನ ಹುಡುಗರು ಚಿಕ್ಕ ದೋಣಿಗಳಲ್ಲಿ ಮುಚ್ಚಿದ ತಟ್ಟೆಯಲ್ಲಿ ಊಟ ತರುತ್ತಾರೆ. ಒಬ್ಬೊಬ್ಬನೂ ಒಬ್ಬೊಬ್ಬ ವ್ಯಾಪಾರಿಯ ಮುಂದೆ ಆ ತಟ್ಟೆ ಇಟ್ಟು, ಇವನು ನನ್ನ ಅತಿಥಿ ಎನ್ನುತ್ತಾನೆ. ಆ ವ್ಯಾಪಾರಿ ದಡಕ್ಕಿಳಿದರೆ ಅವನ ಮನೆಯಲ್ಲೇ ಇರಬೇಕು. ಅಲ್ಲಿಗೆ ಮುಗಿಯುವುದಿಲ್ಲ. ಅತಿಥಿಯ ಮಾಲನ್ನು ಮಾರಿಕೊಡುವವನೂ, ಅವನಿಗೆ ಬೇಕಾದದ್ದನ್ನು ಕೊಡಿಸುವವನೂ ಆ ಮನೆಯವನೇ. ಮನೆಯವನು ಎದುರಿಗಿಲ್ಲದೆ ಯಾರಾದರೂ ಅತಿಥಿಯೊಡನೆ ವ್ಯವಹಾರ ಮಾಡಿದರೆ ಅದು ಊರಿನಲ್ಲಿ ನಡೆಯುವುದಿಲ್ಲ. ನೋಡಿ, ಹೊಸಬನಿಗೆ ಮೋಸವಾಗದಂತೆ ಕಾಯುವ ಕಟ್ಟಳೆಯೂ ಅದೇ, ಹೊಸಬ ಒಬ್ಬನೇ ಹೆಜ್ಜೆ ಇಡದಂತೆ ತಡೆಯುವ ಕಟ್ಟಳೆಯೂ ಅದೇ.

ಅದೇ ಇಬ್ನ್ ಬತೂತ 1342ರ ಸುಮಾರಿಗೆ ನಮ್ಮ ಕರಾವಳಿಗೂ ಬಂದ. ಫಾಕನೂರ್ ಎಂದು ಅವನು ಬರೆದದ್ದು ಬಾರ್ಕೂರು, ಮಂಜರೂರ್ ಎಂದದ್ದು ಮಂಗಳೂರು. ಆಗ ಅವನು ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾದ ದಾರಿಯಲ್ಲಿದ್ದ. ಎರಡೂ ಬಂದರುಗಳಲ್ಲಿ ಅವನ ಕಡೆಯವರು, ಅರಸ ತನ್ನ ಮಗನನ್ನು ಒತ್ತೆಯಾಗಿ ನಮ್ಮ ಹಡಗಿಗೆ ಕಳಿಸಿದರೆ ಮಾತ್ರ ಇಳಿಯುತ್ತೇವೆ ಎಂದು ಹಟ ಹಿಡಿದರು. ಅರಸರು ಮಕ್ಕಳನ್ನು ಕಳಿಸಿದರು. ಇವರು ಇಳಿದು, ಮೂರು ಮೂರು ದಿನ ಆತಿಥ್ಯ ಉಂಡು ಹೋದರು.

ಮಾತು ಇಷ್ಟೇ. ಪರದೇಶದ ಮೊದಲ ದಿನಗಳಲ್ಲಿ ಬಂದವನಿಗೂ ಇದ್ದವನಿಗೂ ಪರಸ್ಪರ ನಂಬಿಕೆ ಇರುವುದಿಲ್ಲ. ನಡುವೆ ಒಂದು ಜಾಮೀನು ಬೇಕಾಗುತ್ತದೆ. ಬಂದವನು ಬಲಶಾಲಿಯಾದರೆ ಅರಸನ ಮಗನನ್ನೇ ಜಾಮೀನಾಗಿ ಕೇಳುತ್ತಾನೆ. ಬಂದವನು ಬಡವನಾದರೆ ಅವನದ್ದೇ ಏನಾದರೊಂದು ಜಾಮೀನಾಗಿ ಉಳಿಯುತ್ತದೆ. ನನ್ನ ಕಾಲಕ್ಕೆ ಅದು ಪಾಸ್‌ಪೋರ್ಟ್ ಆಗಿತ್ತು.

ಈಗ ಹಡಗಿನ ಕಾಲಕ್ಕೆ ಬರೋಣ. ನಮ್ಮ ಅಣ್ಣ 1974ರಲ್ಲಿ ದ್ವಾರಕಾ ಹಡಗಿನ ಡೆಕ್ಕಿನಲ್ಲಿ ಬಂದವರು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ 1862ರಲ್ಲಿ ಮುಂಬೈಯಿಂದ ಈ ಕೊಲ್ಲಿಗೆ ಟಪಾಲು ಹಡಗು ಓಡಿಸಲು ಶುರುಮಾಡಿತು. ಕರಾಚಿ, ಮಸ್ಕತ್, ದುಬೈ, ಬಹ್ರೇನ್, ಕುವೈತ್, ಬಸ್ರಾ ಹೀಗೆ ಸಾಲು. ದುಮ್ರಾ, ದ್ವಾರಕಾ, ದಾರಾ, ದರೇಸಾ ಎಂಬ ನಾಲ್ಕು ಹಡಗುಗಳ ಹೆಸರು ಹಳಬರ ಬಾಯಲ್ಲಿ ಇಂದಿಗೂ ಇದೆ. ಡೆಕ್ ಪ್ರಯಾಣಿಕರಿಗೆ ಕೋಣೆಯಿಲ್ಲ. ಹಾಸಿಗೆ ಸುರುಳಿಯನ್ನು ಅವರೇ ಹೊತ್ತು ತರಬೇಕು. ಅದನ್ನು ಬಿಡಿಸಿದಷ್ಟು ಜಾಗ ಅವರದ್ದು.

ಆಗ ದುಬೈಯಲ್ಲಿ ದೊಡ್ಡ ಹಡಗು ದಡಕ್ಕೆ ಬರುವಂತಿರಲಿಲ್ಲ. ಸಮುದ್ರದಲ್ಲೇ ಲಂಗರು ಹಾಕಿ, ಜನರನ್ನು ಚಿಕ್ಕ ದೋಣಿಗಳಲ್ಲಿ ಖಾಡಿಯೊಳಗೆ ತರುತ್ತಿದ್ದರು. 1961ರ ಏಪ್ರಿಲಿನಲ್ಲಿ ದಾರಾ ಹಡಗು ಹೀಗೆ ದುಬೈ ಎದುರು ನಿಂತಿದ್ದಾಗ ಬಿರುಗಾಳಿ ಎದ್ದಿತು. ಸಾಮಾನು ಇಳಿಸುವುದನ್ನು ಅರ್ಧಕ್ಕೆ ಬಿಟ್ಟು ಹಡಗು ಆಳ ಸಮುದ್ರಕ್ಕೆ ಹೋಗಬೇಕಾಯಿತು. ಕೆಲಸದ ಮೇಲೆ ಹತ್ತಿದ್ದವರು, ಪ್ರಯಾಣಿಕರನ್ನು ಕಾಣಲು ಬಂದವರು ಹಡಗಿನಲ್ಲೇ ಉಳಿದರು. ಏಪ್ರಿಲ್ 8ರ ಬೆಳಗಿನ ಜಾವ ಸ್ಫೋಟವಾಗಿ ಬೆಂಕಿ ಹತ್ತಿಕೊಂಡಿತು. 238 ಜನ ಸತ್ತರು. ಅವರಲ್ಲಿ ಎಷ್ಟೋ ಮಂದಿಗೆ ಮೊದಲ ದಿನವೇ ಬರಲಿಲ್ಲ. ದುಬೈಯಲ್ಲಿ ರಾಶಿದ್ ಬಂದರು ಶುರುವಾದದ್ದು 1972ರಲ್ಲಿ. ದ್ವಾರಕಾ ಕೊನೆಯ ಸಲ ಓಡಿದ್ದು 1982ರಲ್ಲಿ. ಅಷ್ಟರಲ್ಲಿ ವಿಮಾನದ ಕಾಲ ಬಂದಿತ್ತು.

ಆ ಕಾಲದ ಪ್ರಯಾಣ ಕಷ್ಟ. ಆದರೆ ಇಳಿದ ಮೇಲೆ ಎರಡು ಅನುಕೂಲ ಇದ್ದವು, ನಮಗೆ ಈಗ ಇಲ್ಲದವು. ಒಂದು, ಹಣ. ಈ ಕೊಲ್ಲಿಯ ಊರುಗಳಲ್ಲಿ ನಡೆಯುತ್ತಿದ್ದದ್ದು ನಮ್ಮದೇ ರೂಪಾಯಿ, ಆಣೆ. ಎರಡು, ಟಪಾಲು. ದುಬೈಯಲ್ಲಿ 1909ರಲ್ಲಿ ಅಂಚೆ ಕಚೇರಿ ತೆರೆದಾಗ ಅದು ಭಾರತದ ಅಂಚೆ ಆಡಳಿತಕ್ಕೆ ಸೇರಿತ್ತು. ಸ್ವಾತಂತ್ರ್ಯದ ವರ್ಷದವರೆಗೂ ಹಾಗೇ ನಡೆಯಿತು. 1948ರಲ್ಲಿ ಬ್ರಿಟಿಷರೇ ವಹಿಸಿಕೊಂಡ ಮೇಲೂ ಅವರ ಸ್ಟಾಂಪಿನ ಮೇಲೆ ಆಣೆಯ ಲೆಕ್ಕ ಅಚ್ಚಾಗುತ್ತಿತ್ತು, ಆಮೇಲೆ ನಯಾ ಪೈಸೆಯ ಲೆಕ್ಕ. ಅಂದರೆ ಆಗ ಬಂದವನು ಹಣ ಬದಲಾಯಿಸಲು ಅಂಗಡಿ ಹುಡುಕಬೇಕಿರಲಿಲ್ಲ, ಕಾಗದಕ್ಕೆ ಎಷ್ಟು ಸ್ಟಾಂಪು ಎಂದು ಲೆಕ್ಕ ಹಾಕಿ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ.

ಹಣದ ಆ ನಂಟು ಕಡಿದದ್ದು ಹಂತಹಂತವಾಗಿ. ಇಲ್ಲಿಂದ ಭಾರತಕ್ಕೆ ಕಳ್ಳಸಾಗಣೆಯಾಗುತ್ತಿದ್ದ ಚಿನ್ನಕ್ಕೆ ರೂಪಾಯಿಯಲ್ಲಿ ಪಾವತಿಯಾಗಿ, ಆ ರೂಪಾಯಿ ಮತ್ತೆ ಭಾರತದ ವಿದೇಶಿ ವಿನಿಮಯವನ್ನು ತಿನ್ನುತ್ತಿತ್ತು. ಅದನ್ನು ತಡೆಯಲು ರಿಸರ್ವ್ ಬ್ಯಾಂಕು 1959ರಲ್ಲಿ ಕೊಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿತು. ಅದೇ ಗಲ್ಫ್ ರೂಪಾಯಿ. ಬಣ್ಣ ಬೇರೆ, ನಂಬರಿನ ಮೊದಲು ಝಡ್ ಅಕ್ಷರ, ಭಾರತದೊಳಗೆ ಅದು ನಡೆಯುವಂತಿಲ್ಲ. 1961ರಲ್ಲಿ ಕುವೈತ್, 1965ರಲ್ಲಿ ಬಹ್ರೇನ್ ತಮ್ಮದೇ ದಿನಾರ್ ಮಾಡಿಕೊಂಡವು. 1966ರ ಜೂನ್ 6ರಂದು ಭಾರತ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ಡಾಲರಿಗೆ 4.76 ಇದ್ದದ್ದು ಒಂದೇ ಏಟಿಗೆ 7.50 ಆಯಿತು. ಕೊಲ್ಲಿಯವರ ಕೈಯಲ್ಲಿದ್ದ ಹಣದ ಬೆಲೆಯೂ ಅದರ ಜೊತೆಗೇ ಕರಗಿತು. ಅದಾದ ಮೇಲೆ ಇವರೂ ರೂಪಾಯಿಯ ಕೈ ಬಿಟ್ಟರು. ಒಮಾನಿನಲ್ಲಿ ಮಾತ್ರ 1970ರವರೆಗೆ ನಡೆಯಿತು. ದಿರ್ಹಮ್ ಬಂದದ್ದು 1973ರ ಮೇ 19ರಂದು. ಅಲ್ಲಿಂದ ಮುಂದೆ ಬಂದವನಿಗೆ, ಇಳಿದ ದಿನವೇ ಪ್ರತಿಯೊಂದು ಚಹಾವನ್ನೂ ರೂಪಾಯಿಗೆ ಗುಣಿಸಿ ನೋಡುವ ರೋಗ ಅಂಟಿಕೊಂಡಿತು. ಅದು ನಮ್ಮಲ್ಲಿ ಯಾರನ್ನೂ ಬಿಟ್ಟಿಲ್ಲ.

1971ರ ಡಿಸೆಂಬರ್ 2ರಂದು ಎಮಿರೇಟುಗಳು ಸೇರಿ ಒಂದು ದೇಶವಾದವು. 1973ರಲ್ಲಿ ಎಣ್ಣೆಯ ಬೆಲೆ ಏರಿತು. ರಸ್ತೆ, ಬಂದರು, ಆಸ್ಪತ್ರೆ ಎಲ್ಲವನ್ನೂ ಒಟ್ಟಿಗೆ ಕಟ್ಟಬೇಕಿತ್ತು, ಕಟ್ಟಲು ಜನ ಬೇಕಿತ್ತು. ಅದಕ್ಕೂ ಮೊದಲೇ ಲಾಂಚುಗಳಲ್ಲಿ ಬಂದು ಖೋರ್ ಫಕ್ಕಾನ್ ಕಡೆಯ ತೀರದಲ್ಲಿ ಕದ್ದು ಇಳಿದವರಿದ್ದರು. ಅವರಿಗೆ ಕಾಗದವೇ ಇರಲಿಲ್ಲ. ಇನ್ನು ಮೇಲೆ ಬರುವವನಿಗೆ ಈ ದೇಶದವನೊಬ್ಬ ಹೊಣೆ ನಿಲ್ಲಬೇಕು ಎಂಬ ಪದ್ಧತಿ ಗಟ್ಟಿಯಾಯಿತು. ಹಾಗೆ ನಿಂತವನನ್ನು ಕಫೀಲ್ ಎಂದು ಕರೆದರು. ಅರಬ್ಬಿಯಲ್ಲಿ ಕಫೀಲ್ ಎಂದರೆ ಜಾಮೀನು ನಿಂತವನು. ಮೊಗದಿಶುವಿನಲ್ಲಿ ತಟ್ಟೆ ತಂದಿಟ್ಟ ಹುಡುಗನ ಮಾತೂ ಅದೇ ಅಲ್ಲವೇ, ಇವನು ನನ್ನ ಅತಿಥಿ ಎಂದು? ಆದರೆ ಅಲ್ಲಿಯ ವ್ಯಾಪಾರಿ ಗಾಳಿ ತಿರುಗಿದಾಗ ತನ್ನ ಹಡಗು ಹತ್ತಿ ಹೋಗಬಲ್ಲವನಾಗಿದ್ದ. ಕೂಲಿಗೆ ಬಂದವನಿಗೆ ಹಡಗು ತನ್ನದಲ್ಲ. ಕೆಲಸ ಬದಲಾಯಿಸಲು, ಊರಿಗೆ ಹೋಗಲು ಹೊಣೆ ನಿಂತವನ ಒಪ್ಪಿಗೆಯೇ ಬೇಕು ಎಂದಾದಾಗ ಆಸರೆಯೇ ಹಿಡಿತವಾಯಿತು.

ನಮ್ಮ ದೇಶದ ಕಡೆಯಿಂದಲೂ ಒಂದು ಜಾಮೀನು ಬಂತು. 1983ರ ವಲಸೆ ಕಾಯ್ದೆ. ಕಡಿಮೆ ಓದಿದವರ ಪಾಸ್‌ಪೋರ್ಟಿಗೆ ಇಸಿಆರ್ ಎಂಬ ಗುರುತು, ಅವರು ಹೊರಡುವ ಮೊದಲು ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಯ ಅನುಮತಿ, ಏಜೆಂಟನಿಗೆ ನೋಂದಣಿ ಕಡ್ಡಾಯ. ಉದ್ದೇಶ ಒಳ್ಳೆಯದೇ. ಆದರೆ ನನ್ನ ಕಾಲದಲ್ಲಿ ನಮ್ಮ ಕಡೆಯವರಿಗೆ ದಾರಿ ಇದ್ದದ್ದು ಮುಂಬೈ ಮೂಲಕ. ಊರಿನಿಂದ ರಾತ್ರಿ ಬಸ್ಸು, ಮುಂಬೈಯಲ್ಲಿ ಯಾರದೋ ಖೋಲಿಯಲ್ಲಿ ವಾರಗಟ್ಟಲೆ ಕಾಯುವುದು, ಏಜೆಂಟನ ಮೆಟ್ಟಿಲು ಹತ್ತಿಳಿಯುವುದು. ಅಲ್ಲಿ ತೋರಿಸಿದ ಒಪ್ಪಂದ ಒಂದು, ಇಲ್ಲಿ ಸಹಿ ಹಾಕಿಸಿದ ಒಪ್ಪಂದ ಇನ್ನೊಂದು ಎಂಬ ಅನುಭವ ಈ ಸಭೆಯಲ್ಲಿ ಕೂತಿರುವ ಹಲವರಿಗೆ ಇದೆ. ಮೊದಲನೆಯದರ ಪ್ರತಿ ಕೈಯಲ್ಲಿ ಇಲ್ಲದಿದ್ದರೆ ಎರಡನೆಯದನ್ನು ಪ್ರಶ್ನಿಸುವುದು ಹೇಗೆ?

ಈಗ ನನ್ನ ಪಾಸ್‌ಪೋರ್ಟಿನ ಕಥೆ. 1995ರಲ್ಲಿ, ಒಂದು ಗುರುವಾರ ರಾತ್ರಿ, ನಮ್ಮ ಕೋಣೆಯ ಕೆಳಗಿನ ಗ್ರೋಸರಿಗೆ ಊರಿನ ಎಸ್‌ಟಿಡಿ ಬೂತಿನಿಂದ ಫೋನು ಬಂತು. ಅಪ್ಪ ತೀರಿಹೋಗಿದ್ದರು. ನಾನು ಮನೆಗೆ ಹಿರಿಮಗ. ಪಾಸ್‌ಪೋರ್ಟ್ ಕಂಪನಿಯ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಅದರ ಬೀಗದ ಕೈ ಇದ್ದವನು ಶುಕ್ರವಾರದ ರಜೆಗೆ ಬೇರೆ ಊರಿಗೆ ಹೋಗಿದ್ದ. ಅವನು ಕೆಟ್ಟವನಲ್ಲ. ಶನಿವಾರ ಮಧ್ಯಾಹ್ನ ಬಂದ ಕೂಡಲೇ ತೆಗೆದುಕೊಟ್ಟ, ವಿಷಾದವನ್ನೂ ಹೇಳಿದ. ಆದರೆ ಮುಂಬೈಗೆ ವಿಮಾನ, ಅಲ್ಲಿಂದ ರಾತ್ರಿಯಿಡೀ ಬಸ್ಸು. ನಾನು ಅಂಗಳಕ್ಕೆ ಕಾಲಿಟ್ಟಾಗ ಚಿತೆ ಆರಿ, ಬೂದಿಯಾಗಿತ್ತು. ಕೊಳ್ಳಿ ಇಟ್ಟವನು ಚಿಕ್ಕಪ್ಪನ ಮಗ. ಅಮ್ಮ ನನ್ನನ್ನು ಏನೂ ಕೇಳಲಿಲ್ಲ. ಯಾಕೆ ತಡವಾಯಿತು ಎಂದು ಅವರಿಗೆ ಹೇಗೆ ಹೇಳಲಿ? ನನ್ನ ಹೆಸರು, ನನ್ನ ಭಾವಚಿತ್ರ ಇರುವ ಪುಸ್ತಕ ನನ್ನ ಕೈಯಲ್ಲಿ ಇರಲಿಲ್ಲ ಎಂದರೆ ಅವರಿಗೆ ಅರ್ಥವಾಗುತ್ತಿತ್ತೇ?

ಇದನ್ನು ನಾನು ದೂರಿಗಾಗಿ ಹೇಳುತ್ತಿಲ್ಲ. ಆ ಕಾಲದಲ್ಲಿ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಎಲ್ಲ ಕಡೆ ನಡೆಯುತ್ತಿದ್ದ ಮಾಮೂಲು. ನಾವೂ ಅದನ್ನು ಮಾಮೂಲು ಎಂದೇ ಒಪ್ಪಿದ್ದೆವು. ಮೊದಲ ದಿನ ವಿಮಾನ ನಿಲ್ದಾಣದಲ್ಲಿ ಸ್ಟಾಂಪಿಗೆಂದು ಕೊಟ್ಟದ್ದು ಸರಿಯೇ ಇತ್ತು. ಸ್ಟಾಂಪ್ ಆದ ಮೇಲೆ ವಾಪಸು ಕೇಳಬಹುದು ಎಂದು ನನಗೆ ತೋಚಲೇ ಇಲ್ಲ. ಮೊದಲ ವಾರದಲ್ಲಿ ಹಾಗೆ ಕಲಿತ ಮೌನ ಎರಡು ವರ್ಷ ಉಳಿಯಿತು.

ಆಮೇಲೆ ಕಾನೂನು ಬಹಳ ಬದಲಾಗಿದೆ. ಅದನ್ನು ಹೇಳದಿದ್ದರೆ ಚರಿತ್ರೆಗೆ ಅನ್ಯಾಯ. ಇನ್ನೊಬ್ಬರ ಪಾಸ್‌ಪೋರ್ಟನ್ನು ಮಾಲೀಕರು ಇಟ್ಟುಕೊಳ್ಳಬಾರದು ಎಂದು ಇಲ್ಲಿನ ಗೃಹ ಸಚಿವಾಲಯ 2002ರಲ್ಲೇ ಸುತ್ತೋಲೆ ಹೊರಡಿಸಿತು. 2009ರಲ್ಲಿ ಸಂಬಳ ಬ್ಯಾಂಕಿನ ಮೂಲಕವೇ ಹೋಗಬೇಕೆಂಬ ವೇತನ ಸಂರಕ್ಷಣಾ ವ್ಯವಸ್ಥೆ ಬಂತು. ಬೇಸಿಗೆಯಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. 2021ರ ಕಾರ್ಮಿಕ ಕಾನೂನು 2022ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಕೆಲಸಗಾರನ ಅಧಿಕೃತ ದಾಖಲೆ ಇಟ್ಟುಕೊಳ್ಳಬಾರದು, ನೇಮಕದ ಖರ್ಚನ್ನು ಅವನ ಮೇಲೆ ಹೊರಿಸಬಾರದು ಎಂದು ಅದು ನೇರವಾಗಿಯೇ ಹೇಳುತ್ತದೆ. ಅದೇ ವರ್ಷ ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಿಕ್ಕರ್ ಅಂಟಿಸುವುದೂ ನಿಂತಿತು, ಎಮಿರೇಟ್ಸ್ ಐಡಿಯೇ ಸಾಕು. ಅಂದರೆ ನನ್ನಿಂದ ಪಾಸ್‌ಪೋರ್ಟ್ ಇಸಿದುಕೊಳ್ಳಲು ಹೇಳಿದ ಆ ಕಾರಣವೇ ಈಗ ಇಲ್ಲ.

ಪ್ರಯಾಣವೂ ಹಗುರಾಗಿದೆ. ಮಂಗಳೂರಿನಿಂದ ದುಬೈಗೆ 2006ರಿಂದ ನೇರ ವಿಮಾನವಿದೆ. ಅದೇ ದಾರಿಯಲ್ಲಿ 2010ರ ಮೇ 22ರಂದು 158 ಜನರನ್ನು ಕಳೆದುಕೊಂಡದ್ದನ್ನು ನಾವ್ಯಾರೂ ಮರೆಯುವಂತಿಲ್ಲ. ಇಳಿದ ಕೂಡಲೇ ಫೋನಿಗೆ ಸಿಮ್, ಮನೆಗೆ ವೀಡಿಯೊ, ಮೆಟ್ರೊಗೆ ಕಾರ್ಡು. ಕಾಗದ ಬರೆದು ದಿನ ಎಣಿಸುವುದು, ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಊರಿಗೆ ಹೋಗುವವರ ಕೈಯಲ್ಲಿ ಕೊಡುವುದು, ಇವೆಲ್ಲ ಇಂದಿನ ಹುಡುಗರಿಗೆ ಅಜ್ಜನ ಕಥೆ.

ಆದರೂ ಹೊಸಬ ಸಿಕ್ಕಿಬೀಳುವುದು ನಿಂತಿಲ್ಲ. ಸಂದರ್ಶಕ ವೀಸಾದಲ್ಲಿ ಬಂದು ಕೆಲಸ ಮಾಡುವುದು ಕಾನೂನಿಗೆ ವಿರುದ್ಧ. ಆದರೂ ಊರಿನ ಏಜೆಂಟನ ಮಾತು ನಂಬಿ ಹಾಗೆ ಬಂದು, ದಿನ ಮುಗಿದು, ದಂಡ ಏರುತ್ತಿರುವಾಗ ನಮ್ಮ ಬಾಗಿಲು ತಟ್ಟುವವರಿದ್ದಾರೆ. ಸಂಬಳದ ಕಾರ್ಡನ್ನೂ ಅದರ ಪಿನ್ ನಂಬರನ್ನೂ ಮೇಲ್ವಿಚಾರಕನಿಗೆ ಕೊಟ್ಟು ಕೂತವರನ್ನು ನಾನು ಕಂಡಿದ್ದೇನೆ. ಬೊಮ್ಮನ ಸಂಬಳ ಮದ್ಮೂನನ ಕೈಯಲ್ಲಿದ್ದಂತೆಯೇ ಆಯಿತಲ್ಲ ಅದು!

ಹಾಗಾಗಿ ಈ ಚರಿತ್ರೆಯಿಂದ ನಾನು ಕಲಿತದ್ದನ್ನು, ಊರಿನಲ್ಲಿ ಹೊರಡಲು ಸಿದ್ಧವಾಗಿರುವ ನಿಮ್ಮ ತಮ್ಮನಿಗೋ ಭಾವನಿಗೋ ಹೇಳುವಂತೆ ಹೇಳುತ್ತೇನೆ. ಹೊರಡುವ ಮೊದಲು ಏಜೆಂಟನ ಹೆಸರು ಭಾರತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಇದೆಯೇ ನೋಡಲಿ. ನೋಂದಾಯಿತ ಏಜೆಂಟ್ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಕೊಟ್ಟದ್ದಕ್ಕೆ ರಸೀದಿ ಬೇಕು. ಪಾಸ್‌ಪೋರ್ಟ್, ವೀಸಾ, ಒಪ್ಪಂದ ಮೂರರ ಪ್ರತಿಯನ್ನೂ ಮನೆಯಲ್ಲಿ ಒಂದು, ತನ್ನ ಚೀಲದಲ್ಲಿ ಒಂದು, ಫೋನಿನಲ್ಲಿ ಒಂದು ಇಟ್ಟುಕೊಳ್ಳಲಿ. ಇಳಿದ ದಿನ ತಾನು ಇರುವ ಕಟ್ಟಡ, ಬೀದಿ, ಕ್ಯಾಂಪಿನ ಹೆಸರನ್ನು ಬರೆದು ಮನೆಗೆ ಕಳಿಸಲಿ. ಸಿಮ್ ತನ್ನ ಹೆಸರಿನಲ್ಲೇ ಇರಲಿ. ಬೇರೆಯವರ ಹೆಸರಿನ ಸಿಮ್ ಸಮಾಧಾನಕ್ಕೆ ಸಾಕು, ದೂರು ಕೊಡುವಾಗ ಸಾಲದು. ಯಾವ ಕೆಲಸಕ್ಕಾದರೂ ಪಾಸ್‌ಪೋರ್ಟ್ ಕೊಡಬೇಕಾಗಿ ಬಂದರೆ ಎಂದು ವಾಪಸು ಎಂದು ಆಗಲೇ ಕೇಳಲಿ, ಮರ್ಯಾದೆಯಿಂದಲೇ ಕೇಳಲಿ. ಕಾರ್ಡಿನ ಪಿನ್ ನಂಬರು ಕೋಣೆಯ ಅಣ್ಣನಿಗೂ ಹೇಳುವುದು ಬೇಡ.

ಕೊನೆಯದಾಗಿ ಸಂಘದ ಕೆಲಸ. 2016ರಿಂದ ಇಲ್ಲಿ ಉದ್ಯೋಗದ ಆಫರ್ ಪತ್ರವನ್ನು ಕೆಲಸಗಾರನ ಭಾಷೆಯಲ್ಲೂ ತೋರಿಸಬೇಕೆಂಬ ನಿಯಮ ಬಂತು. ಅರಬ್ಬಿ, ಇಂಗ್ಲಿಷಿನ ಜೊತೆಗೆ ಹಿಂದಿ, ಉರ್ದು, ಮಲಯಾಳಂ, ತಮಿಳು, ಬಂಗಾಳಿ, ನೇಪಾಳಿ, ಸಿಂಹಳ ಮುಂತಾದ ಭಾಷೆಗಳಲ್ಲಿ ನಮೂನೆ ಬಂತು. ಆಗ ಬಂದ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹೋದರೆ ಹೋಗಲಿ, ನಮ್ಮವರಿಗೆ ಹಿಂದಿ ಬರುತ್ತದೆ ಎಂದು ನಾವು ಸುಮ್ಮನಾದೆವು. ಗಾರೆ ಕೆಲಸಕ್ಕೆಂದು ರಾಯಚೂರು ಕಡೆಯಿಂದ ಬಂದ ಹುಡುಗನಿಗೆ ಹಿಂದಿಯ ಕಾನೂನು ಭಾಷೆ ಎಷ್ಟು ತಿಳಿಯುತ್ತದೆ? ಕನ್ನಡವನ್ನೂ ಸೇರಿಸಿ ಎಂದು ನಾವು ಕೇಳಬೇಕು. ಅಲ್ಲಿಯವರೆಗೆ ಆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳುವ ಕೆಲಸ ನಮ್ಮದು. ವಾರಕ್ಕೊಂದು ಸಂಜೆ, ಇಬ್ಬರು ಕಾರ್ಯಕರ್ತರು, ಒಂದು ಮೇಜು, ಒಂದು ಫೋನ್ ನಂಬರು ಸಾಕು. ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸುವಷ್ಟು ಖರ್ಚು ಇದಕ್ಕಿಲ್ಲ.

ಒಂದೇ ಎಚ್ಚರಿಕೆ. ಆ ಮೇಜಿನ ಹಿಂದೆ ಕೂರುವ ನಾವು ಕೂಡ ಮದ್ಮೂನರಾಗಬಾರದು. ಓದಿ ಹೇಳಿದ ಮೇಲೆ ಕಾಗದ ಅವನ ಕೈಗೇ ಹೋಗಬೇಕು. ನಮ್ಮ ಜಾಮೀನು ಒಂದು ವಾರದ್ದು ಮಾತ್ರ.

ನಮ್ಮ ಅಣ್ಣ 2004ರಲ್ಲಿ ಊರಿಗೆ ಮರಳಿದರು, ಈಗ ಇಲ್ಲ. ಹೋಗುವಾಗ ಕೋಣೆಯ ಮೆಸ್ಸಿನ ಲೆಕ್ಕದ ಪುಸ್ತಕ ನನಗೆ ಕೊಟ್ಟರು. ಅದರ ಕೊನೆಯ ಪುಟಗಳಲ್ಲಿ, ಆ ಕೋಣೆಗೆ ಬಂದು ಹೋದ ಪ್ರತಿಯೊಬ್ಬನ ಹೆಸರು, ಬಂದ ತಾರೀಕು, ಪಾಸ್‌ಪೋರ್ಟ್ ನಂಬರು, ಊರಿನ ವಿಳಾಸ ಬರೆದಿಟ್ಟಿದ್ದರು. ನನ್ನ ಹೆಸರೂ ಇದೆ. ನಂಬರಿನ ಜಾಗ ಖಾಲಿ ಇದೆ. ನನಗೆ ಅದು ಗೊತ್ತಿರಲಿಲ್ಲವಲ್ಲ. 1995ರಲ್ಲಿ ಊರಿನಿಂದ ಬಂದ ಮೇಲೆ ನಾನೇ ತುಂಬಬಹುದಿತ್ತು. ತುಂಬಲಿಲ್ಲ. ಈಗ ಹೊಸ ಹುಡುಗರು ಮನೆಗೆ ಬಂದರೆ ಆ ಪುಟ ತೋರಿಸುತ್ತೇನೆ.